ದಿನಕ್ಕೊಂದು ಹೂವು

ಕುಂದಾಪುರದ ಕಡೆಯವಳು ಉಣ್ಣೆ ಹೆಣೆಯುತ್ತಾಳೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ನಗಲಿ. ಮಾರ್ಚ್ ತಿಂಗಳಲ್ಲಿ ಬೆಳಿಗ್ಗೆ ಏಳು ಗಂಟೆಗೇ ರವಿಕೆ ಬೆನ್ನಿಗೆ ಅಂಟುವ ಊರು ನಮ್ಮದು. ಇಲ್ಲಿ ಸ್ವೆಟರ್ ಹಾಕಿಕೊಂಡು ಬಸ್ಸಿಗೆ ನಿಂತರೆ ಜ್ವರವೇ ಎಂದು ವಿಚಾರಿಸುತ್ತಾರೆ. ಬ್ರಹ್ಮಾವರದಲ್ಲಿ ನನ್ನ ಗಂಡನ ಮನೆಗೆ ಶನಿವಾರ ಮಧ್ಯಾಹ್ನ ಕಲಿಯಲು ಬರುತ್ತಿದ್ದ ನಾಲ್ಕು ಹುಡುಗಿಯರು ಮೊದಲ ದಿನವೇ ಮೊಬೈಲಿನಲ್ಲಿ ಮಂಚದ ಹೊದಿಕೆಯ ಚಿತ್ರ ತೋರಿಸಿ, ಇದು ಎಷ್ಟು ದಿನದಲ್ಲಿ ಆಗುತ್ತದೆ ಆಂಟಿ ಎಂದು ಕೇಳಿದ್ದರು. ಕಡ್ಡಿ ಹಿಡಿಯಲು ಬರುವುದಿಲ್ಲ, ಮಂಚದ ಹೊದಿಕೆ ಬೇಕು! ನನಗೆ ಸಿಟ್ಟು ಬಂತು. ಒಂದು ವಾರ ಬರೀ ಚೈನು ಹಾಕಿ, ಆಮೇಲೆ ಮಾತಾಡೋಣ ಎಂದೆ. ಬಾಯಿ ನನ್ನದು, ಮಾತು ಅತ್ತಿಗೆಯದು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. 1997ರ ಬೇಸಿಗೆಯಲ್ಲಿ ಬೈಂದೂರಿನ ಕಡೆಯಿಂದ, ವಂಡ್ಸೆಯ ಹತ್ತಿರ ಇರುವ ನಮ್ಮ ಮನೆಗೆ ಮದುವೆಯಾಗಿ ಬಂದವರು. ಹದಿನೆಂಟು ದಿನಕ್ಕೆ ಅಣ್ಣ ಮುಂಬೈಗೆ ಹೊರಟ. ಅಲ್ಲಿ ಒಂದು ಹೋಟೆಲಿನಲ್ಲಿ ಅವನು ಮ್ಯಾನೇಜರ್. ಹೆಸರಿಗೆ ಮ್ಯಾನೇಜರ್, ಮಲಗುವುದು ಹೋಟೆಲಿನ ಮಾಳಿಗೆಯಲ್ಲಿ ಇನ್ನೂ ಆರು ಜನರ ಜೊತೆ. ಹೆಂಡತಿಯನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಾನೆ? ಬರುವ ವರ್ಷದೊಳಗೆ ಒಂದು ರೂಮು ಮಾಡಿಕೊಂಡು ಬರುತ್ತೇನೆ ಎಂದು ಹೇಳಿ ಹೋದ. ನಮ್ಮ ಕಡೆ ಅರ್ಧ ಮನೆಗಳಲ್ಲಿ ನಡೆಯುವುದು ಇದೇ ಆದ್ದರಿಂದ ಯಾರಿಗೂ ವಿಶೇಷ ಅನಿಸಲಿಲ್ಲ. ನನಗಂತೂ ಖುಷಿಯೇ ಆಯಿತು. ಅಣ್ಣ ಹೋದ, ಅತ್ತಿಗೆ ನನಗೆ ಉಳಿದರು. ನನಗಾಗ ಹನ್ನೆರಡು ವರ್ಷ, ಏಳನೇ ಕ್ಲಾಸು. ಅಪ್ಪಯ್ಯ, ಅಮ್ಮ ಬಿಟ್ಟರೆ ಮನೆಯಲ್ಲಿ ಮಾತಿಗೆ ಸಿಗುತ್ತಿದ್ದದ್ದು ಹಟ್ಟಿಯ ಎರಡು ದನ ಮಾತ್ರ.

ಅವರ ಪೆಟ್ಟಿಗೆಯ ತಳದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಒಳಗೆ ಬಿಳಿ ನೂಲಿನ ಉಂಡೆಗಳು, ತುದಿಯಲ್ಲಿ ಕೊಕ್ಕೆ ಇರುವ ಒಂದು ಕ್ರೋಶಾ ಕಡ್ಡಿ. ಮದುವೆಗೆ ಮೊದಲು ಬೈಂದೂರಿನಲ್ಲಿ ಹೊಲಿಗೆ ಕ್ಲಾಸಿಗೆ ಹೋಗುವಾಗ ಕಲಿತದ್ದಂತೆ. ನಾನು ಶಾಲೆಯಿಂದ ಬಂದು ಚಾ ಕುಡಿದ ಮೇಲೆ, ದೀಪ ಹಚ್ಚುವ ಹೊತ್ತಿನವರೆಗೆ ಅವರು ಜಗಲಿಯ ಗೋಡೆಗೆ ಒರಗಿ ಕೂರುತ್ತಿದ್ದರು. ನಾನು ಪುಸ್ತಕದ ಚೀಲವನ್ನು ಎಲ್ಲೆಂದರಲ್ಲಿ ಒಗೆದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಮೂರನೇ ದಿನವೋ ನಾಲ್ಕನೇ ದಿನವೋ ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು.

ಒಂದು ವಾರ ಚೈನು ಬಿಟ್ಟು ಬೇರೆ ಏನೂ ಇಲ್ಲ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುವುದು, ಅದರೊಳಗಿಂದ ಮತ್ತೊಂದು. ಹೊಸಿಲಿನಿಂದ ತುಳಸಿಕಟ್ಟೆ ಮುಟ್ಟುವಷ್ಟು ಉದ್ದ ಆಗಬೇಕು ಎಂದರು. ಆಯಿತು. ತೋರಿಸಿದೆ. ಒಂದು ತುದಿ ಹಿಡಿದು ಪರ್‍ರೆಂದು ಎಳೆದು ಎಲ್ಲ ಬಿಚ್ಚಿ, ಉಂಡೆ ಸುತ್ತಿ, ಮತ್ತೆ ಮಾಡು ಎಂದರು. ನಾನು ಹಲ್ಲು ಕಚ್ಚಿಕೊಂಡು, ನೂಲನ್ನು ಬೆರಳಿಗೆ ಬಿಗಿದು ಸುತ್ತಿ ಹಾಕುತ್ತಿದ್ದೆ. ಬೆರಳಿನ ತುದಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು.

"ಅಷ್ಟ್ ಬಿಗಿ ಹಿಡಿಬೇಡ ಮಾರಾಯ್ತಿ," ಎಂದರು ಒಂದು ದಿನ. "ನೂಲ್ ಎಲ್ಲಿಗೂ ಓಡಿ ಹೋತಿಲ್ಲೆ."

ಚೈನು ಆದ ಮೇಲೆ ಕಂಬ. ಕಡ್ಡಿಗೆ ಒಂದು ಸುತ್ತು ನೂಲು ಹಾಕಿ, ಚೈನಿನ ತೂತಿಗೆ ಚುಚ್ಚಿ, ಎರಡೆರಡಾಗಿ ಬಿಡಿಸಿದರೆ ಒಂದು ಪುಟ್ಟ ಕಂಬ ಎದ್ದು ನಿಲ್ಲುತ್ತದೆ. ಅದು ಮೊದಲ ಸಲ ನಿಂತ ದಿನ ನಾನು ಅಮ್ಮನನ್ನು ಅಡಿಗೆಮನೆಯಿಂದ ಎಳೆದುಕೊಂಡು ಬಂದು ತೋರಿಸಿದ್ದೆ. ಅಮ್ಮ ಕಣ್ಣು ಕಿರಿದು ಮಾಡಿ ನೋಡಿ, ಇದಕ್ಕೆ ಒಲೆಯ ಮೇಲಿಟ್ಟ ಅನ್ನ ಬಿಟ್ಟು ಬರಬೇಕಿತ್ತಾ ಎಂದು ಬೈದು ಹೋದಳು. ನಾನು ಪೂರ್ತಿ ಮಾಡಿದ ಮೊದಲ ಸಾಮಾನು ಮಜ್ಜಿಗೆ ಪಾತ್ರೆಯ ಮುಚ್ಚಳದ ಬಟ್ಟೆ: ದುಂಡಗೆ ಹೆಣೆದು, ಗಾಳಿಗೆ ಹಾರದ ಹಾಗೆ ಅಂಚಿಗೆ ಹಳೆಯ ಸರದ ಮಣಿ ಕಟ್ಟಿದ್ದು. ಬಿಗಿ ಕೈಯಿಂದಾಗಿ ಅದು ಚಪ್ಪಟೆಯಾಗಿ ಕೂರದೆ ಬಟ್ಟಲಿನ ಹಾಗೆ ಮುದುರಿಕೊಂಡಿತು. ಆದರೂ ಅಪ್ಪಯ್ಯ ಬಂದವರಿಗೆಲ್ಲ ಅದನ್ನು ತೋರಿಸಿ ನಮ್ಮ ಮಗಳು ಮಾಡಿದ್ದು ಎನ್ನುತ್ತಿದ್ದರು.

ಎರಡು ಕಡ್ಡಿಯ ಹೆಣಿಗೆ ಕಲಿತದ್ದು ಇನ್ನೊಂದು ದಾರಿಯಲ್ಲಿ. ತಿಂಗಳಿಗೆ ಮೂರು ದಿನ ಅತ್ತಿಗೆ ಹೊರಗೆ ಕೂರಬೇಕಿತ್ತು. ಅಮ್ಮ ಈ ವಿಷಯದಲ್ಲಿ ಕಟ್ಟುನಿಟ್ಟು. ಮನೆಯ ಹೊರಗೋಡೆಗೆ ತಾಗಿದ ಕಟ್ಟೆ, ನಾವು ಚಡಿ ಎನ್ನುವುದು, ಅದರ ಮೇಲೆ ಬೇರೆ ಚಾಪೆ, ಬೇರೆ ಲೋಟ. ಹತ್ತಿಯ ನೂಲು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಉಂಡೆ ಸಮೇತ ನೀರಿಗೆ ಹಾಕಬೇಕು. ಆದರೆ ಉಣ್ಣೆಗೆ ಮೈಲಿಗೆ ಇಲ್ಲ ಎನ್ನುವುದು ಅಮ್ಮನೇ ಒಪ್ಪುತ್ತಿದ್ದ ಶಾಸ್ತ್ರ. ಅತ್ತಿಗೆ ಈ ಸಂದಿಯನ್ನು ಚೆನ್ನಾಗಿ ಹಿಡಿದುಕೊಂಡರು. ಅಪ್ಪಯ್ಯನ ಹುಳ ಹೊಡೆದ ಹಳೆ ಮಫ್ಲರ್ ಕೇಳಿ ಇಸಿದುಕೊಂಡು ಬಿಚ್ಚಿ ಉಂಡೆ ಮಾಡಿದರು. ಹೆಣೆಯುವ ಕಡ್ಡಿ ಎಲ್ಲಿಂದ ಬರಬೇಕು? ಅಂಗಳ ಗುಡಿಸುವ ಹಿಡಿಸೂಡಿಯಿಂದ. ತೆಂಗಿನ ಗರಿಯ ದಪ್ಪ ಕಡ್ಡಿ ನಾಲ್ಕು ಆರಿಸಿ, ಚೂರಿಯಿಂದ ಕೆತ್ತಿ ನುಣ್ಣಗೆ ಮಾಡಿ, ಎರಡು ಅವರಿಗೆ, ಎರಡು ನನಗೆ. ಕಡ್ಡಿ ಮುರಿದ ಹಾಗೆಲ್ಲ ನಾನು ಇನ್ನೊಂದು ಎಳೆದು ತರುತ್ತಿದ್ದೆ. ಆ ವರ್ಷ ನಮ್ಮ ಮನೆಯ ಹಿಡಿಸೂಡಿಗಳು ಬೋಳಾಗುವುದನ್ನು ಕಂಡು ಅಮ್ಮ ಕೂಗಾಡಿದ್ದಕ್ಕೆ ಲೆಕ್ಕವಿಲ್ಲ.

ಆ ಮೂರು ದಿನ ಅವರನ್ನು ನಾನು ಮುಟ್ಟುವಂತಿರಲಿಲ್ಲ. ಅವರು ಚಡಿಯ ಆ ತುದಿ, ನಾನು ಈ ತುದಿ, ನಡುವೆ ಉಣ್ಣೆಯ ಉಂಡೆ. ನನ್ನ ಸಾಲಿನಲ್ಲಿ ಒಂದು ಕುಣಿಕೆ ಬಿದ್ದು ಹೋದರೆ ಕಡ್ಡಿ ಸಮೇತ ಅದನ್ನು ನೆಲದ ಮೇಲೆ ಇಡುತ್ತಿದ್ದೆ, ಅವರು ಎತ್ತಿ, ಸರಿ ಮಾಡಿ, ಮತ್ತೆ ನೆಲದ ಮೇಲೆ ಇಡುತ್ತಿದ್ದರು. ಮಳೆ ಬಿಡದೆ ಹೊಯ್ಯುತ್ತಿರುತ್ತಿತ್ತು. ಅಮ್ಮ ಒಳಗೆ ಕೆಲಸ ಒಬ್ಬಳ ಮೇಲೆ ಬಿತ್ತು ಎಂದು ಗೊಣಗುತ್ತಿದ್ದಳು. ನನಗೆ ಮಾತ್ರ ಆ ಮೂರು ದಿನ ಹಬ್ಬ, ಏಕೆಂದರೆ ಅತ್ತಿಗೆಗೆ ಬೇರೆ ಕೆಲಸ ಇರುತ್ತಿರಲಿಲ್ಲ. ಅಂಥ ಸುಖದ ದಿನಗಳನ್ನು ನಾನು ಆಮೇಲೆ ಕಂಡಿಲ್ಲ ಎಂದು ಈಗಲೂ ನಾಚಿಕೆ ಇಲ್ಲದೆ ಹೇಳುತ್ತೇನೆ. ನನ್ನ ಮದುವೆಯ ದಿನವೂ ಅಷ್ಟು ಸುಖ ಇರಲಿಲ್ಲ, ಗಂಡ ಓದಿದರೆ ಓದಲಿ.

ಇನ್ನು ಹೂವಿನ ವಿಷಯ. ಅಣ್ಣ ಹೋದ ಮಾರನೇ ದಿನದಿಂದ ಅತ್ತಿಗೆ ಬಿಳಿ ನೂಲಿನ ಹೂ ಹಾಕಲು ಶುರು ಮಾಡಿದ್ದರು. ಆರು ಚೈನು ಹಾಕಿ ಉಂಗುರ, ಉಂಗುರದೊಳಗೆ ಹನ್ನೆರಡು ಕಂಬ, ಅದರ ಸುತ್ತ ಆರು ಎಸಳು. ಕೊನೆಗೆ ನೂಲು ಕತ್ತರಿಸಿ ಹಿಂದುಗಡೆ ಎರಡು ಗಂಟು. ಅಂಗೈಯಲ್ಲಿ ಕೂರುವಷ್ಟು ದೊಡ್ಡದು. ಎಲ್ಲ ಸೇರಿಸಿ ಮಂಚದ ಹೊದಿಕೆ ಮಾಡುತ್ತೇನೆ ಎಂದಿದ್ದರು. ಆದರೆ ದಿನಕ್ಕೆ ಒಂದೇ ಹೂ. ಅದು ಮುಗಿದರೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, ಉಳಿದ ಹೊತ್ತು ನನಗೆ ಕಲಿಸುವುದು. ಇನ್ನೊಂದು ಹಾಕಿ ಅತ್ಗೆ, ಬೇಗ ಮುಗಿಯುತ್ತದೆ ಎಂದು ನಾನು ಗೋಗರೆದರೆ, ದಿನಕ್ಕ್ ಒಂದೇ ಸಾಕ್ ಎನ್ನುತ್ತಿದ್ದರು. ಹೊರಗೆ ಕೂತ ಮೂರು ದಿನ ಹೂವಿಲ್ಲ. ನಾಲ್ಕನೇ ದಿನ ಮಿಂದು ಒಳಗೆ ಬಂದವರು ಒಂದೇ ಸಮನೆ ಕೂತು ನಾಲ್ಕು ಹೂ ಹಾಕಿ ಏಳುತ್ತಿದ್ದರು. ಭಾನುವಾರ ಡಬ್ಬಿಯನ್ನು ಚಾಪೆಯ ಮೇಲೆ ಸುರಿದು ಎಣಿಸುತ್ತಿದ್ದರು.

ನಾಲ್ಕು ಹೂ ಒಂದೇ ದಿನ ಹಾಕುವುದನ್ನು ಕಂಡವಳು ನಾನು. ಹಾಗಾದರೆ ದಿನಕ್ಕೊಂದು ಎನ್ನುವುದು ಅಂಥಾ ಕಟ್ಟಳೆಯೇನೂ ಅಲ್ಲ, ಕೈ ನೋವು ಬರುತ್ತದೆ ಎಂದು ಹೇಳುವುದಿರಬೇಕು ಎಂದು ನನ್ನ ಬುದ್ಧಿವಂತಿಕೆಗೆ ಹೊಳೆಯಿತು. ದಸರಾ ರಜೆ ಬಂತು. ಅತ್ತಿಗೆ ಗದ್ದೆ ಕೆಲಸದವರಿಗೆ ಗಂಜಿ ತೆಗೆದುಕೊಂಡು ಹೋದಾಗ, ಮೀಯಲು ಹೋದಾಗ, ನಾನು ಅಟ್ಟದ ಏಣಿಯ ಮೇಲೆ ಕೂತು ಕದ್ದು ಹೂ ಹಾಕಿದೆ. ಹನ್ನೊಂದು ಹೂ. ಹಿಂದೆ ಎರಡು ಗಂಟು ಹಾಕುವಷ್ಟು ತಾಳ್ಮೆ ನನಗೆಲ್ಲಿ, ಒಂದೇ ಗಂಟು ಬಿಗಿದು ಬಿಟ್ಟೆ. ಶನಿವಾರ ಎಲ್ಲವನ್ನೂ ಡಬ್ಬಿಯ ತಳಕ್ಕೆ ಸೇರಿಸಿ, ನಾಳೆ ಎಣಿಸುವಾಗ ಎಷ್ಟು ಖುಷಿ ಪಡುತ್ತಾರೋ ಎಂದು ಕಾದೆ.

ಭಾನುವಾರ ಎಣಿಸಿದರು. ನಿಲ್ಲಿಸಿದರು. ಮತ್ತೆ ಎಣಿಸಿದರು. ಎರಡನೇ ಸಲ ಎಣಿಸುವಾಗ ಅವರ ಮುಖದಲ್ಲಿ ಒಂದು ನಗು ಬಂದದ್ದನ್ನು ನಾನು ಕಂಡೆ, ಈಗಲೂ ಆಣೆ ಮಾಡಿ ಹೇಳುತ್ತೇನೆ, ನಗು ಬಂದಿತ್ತು. ತಡೆಯಲಾಗದೆ ನಾನು ಬಾಯಿ ಬಿಟ್ಟೆ: ಹನ್ನೊಂದು ನಾನು ಮಾಡಿದ್ದು ಅತ್ಗೆ!

ನಗು ಹೋಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಬೈಗುಳಕ್ಕೆ ಅಳುವ ಜಾತಿಯವಳಲ್ಲ ನಾನು. ರಾಶಿಯಲ್ಲಿ ಬಟ್ಟಲಿನ ಹಾಗೆ ಮುದುರಿದ ಹೂಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದರು. ಹಿಂದಿನ ಗಂಟು ಉಗುರಿನಿಂದ ಬಿಡಿಸಿದರು. ಎಳೆದರು. ಹನ್ನೊಂದು ಹೂವನ್ನೂ ಬಿಚ್ಚಿ ತುಂಡು ನೂಲಿಗೆ ನೂಲು ಗಂಟು ಹಾಕಿ ಒಂದು ಉಂಡೆ ಸುತ್ತಿ ನನ್ನ ಮುಂದೆ ಇಟ್ಟರು.

"ನಿನ್ ಕೈ ಬಿಗಿ," ಎಂದರು. "ಇದ್ ನನ್ ಹೂವಿಗ್ ಸೇರ್ತಿಲ್ಲೆ."

ನಾನು ಹಟ್ಟಿಗೆ ಹೋಗಿ ದನದ ಕುತ್ತಿಗೆ ಹಿಡಿದುಕೊಂಡು ಅತ್ತೆ. ಮಾರನೇ ದಿನ ಅತ್ತಿಗೆ ಏನೂ ಆಗದವರ ಹಾಗೆ ಪಕ್ಕಕ್ಕೆ ಕರೆದು ಮಗುವಿನ ಟೊಪ್ಪಿ ಹಾಕುವುದನ್ನು ಹೇಳಿಕೊಟ್ಟರು. ಹುಟ್ಟಿದ ಮಗುವಿನ ತಲೆಗೆ ಎಷ್ಟು ಅಳತೆ ಎಂದು ಕೇಳಿದರೆ ಅರ್ಧ ತೆಂಗಿನ ಗೆರಟೆಯನ್ನು ಬೋರಲು ಹಾಕಿ ಇಷ್ಟು ಎಂದರು. ನಾನು ಕಲಿತೆ. ಆದರೆ ಸೇರುವುದಿಲ್ಲ ಎಂದ ಮಾತು ನನ್ನೊಳಗೆ ಕೂತೇ ಬಿಟ್ಟಿತು. ನಿನ್ನ ಹೂ ನನ್ನ ಹೂವಿಗೆ ಸೇರುತ್ತದೆ ಎಂದು ಒಂದಲ್ಲ ಒಂದು ದಿನ ಅವರ ಬಾಯಿಂದಲೇ ಹೇಳಿಸಬೇಕು ಎಂದು ಹಟ ಹಿಡಿದೆ. ಹೇಳಿದ್ದೆನಲ್ಲ, ನಾನು ಹಟಮಾರಿ. ಹೇಳಿರದಿದ್ದರೆ ಈಗ ಹೇಳಿದ್ದೇನೆ.

ಮರುವರ್ಷದ ಬೇಸಿಗೆಯಲ್ಲಿ ಅಣ್ಣ ಬಂದ. ರೂಮು ಸಿಕ್ಕಿತ್ತು. ಹೊಸದಾಗಿ ಶುರುವಾಗಿದ್ದ ರೈಲಿನಲ್ಲಿ ಕುಂದಾಪುರದಿಂದ ಇಬ್ಬರೂ ಹೊರಟರು. ಅತ್ತಿಗೆಯ ಪೆಟ್ಟಿಗೆ ಹೋಯಿತು, ಬಿಸ್ಕತ್ತಿನ ಡಬ್ಬಿ ಹೋಗಲಿಲ್ಲ. ಮುನ್ನೂರರ ಮೇಲೆ ಹೂಗಳು, ಬಳಸದ ನೂಲು, ಕಡ್ಡಿ, ಎಲ್ಲವನ್ನೂ ನೀನೇ ಇಟ್ಟುಕೋ ಎಂದು ನನ್ನ ಕೈಗೆ ಕೊಟ್ಟು ಹೋದರು. ನಾನು ಅದನ್ನು ಕೊಟ್ಟದ್ದು ಎಂದು ತಿಳಿಯಲಿಲ್ಲ, ಇಟ್ಟು ಹೋದದ್ದು ಎಂದು ತಿಳಿದೆ. ಬಂದಾಗ ಒಟ್ಟಿಗೆ ಕೂತು ಸೇರಿಸುತ್ತೇವೆ, ಅಷ್ಟರಲ್ಲಿ ಕೈ ಸಡಿಲ ಮಾಡಿಕೊಳ್ಳಬೇಕು ಎಂದುಕೊಂಡೆ.

ಅವರು ವರ್ಷಕ್ಕೊಮ್ಮೆ ಬರುತ್ತಿದ್ದರು. ಬೈಂದೂರಿನಲ್ಲಿ ಹದಿನೈದು ದಿನ, ನಮ್ಮಲ್ಲಿ ಮೂರು ದಿನ. ಮೊದಲು ಒಂದು ಮಗು, ಆಮೇಲೆ ಇನ್ನೊಂದು. ಪ್ರತಿ ಸಲ ನಾನು ಡಬ್ಬಿ ಒರೆಸಿ ಜಗಲಿಯಲ್ಲಿ ಕಾಣುವ ಹಾಗೆ ಇಡುತ್ತಿದ್ದೆ. ಕಾಂಬ, ಕಾಂಬ, ಆಮೇಲೆ ನೋಡುವ ಎನ್ನುತ್ತಲೇ ಮಗುವನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಮುಂಬೈಯಲ್ಲಾದರೂ ಹೆಣೆಯುತ್ತೀರಾ ಎಂದು ಒಮ್ಮೆ ಕೇಳಿದೆ. ಪುರುಸೊತ್ತೆಲ್ಲಿ ಎಂದರು. ಅವರು ದಪ್ಪಗಾಗಿದ್ದರು, ನಗುತ್ತಿದ್ದರು, ಅಮ್ಮನ ಎದುರು ಜೋರಾಗಿ ಮಾತಾಡಲು ಕಲಿತಿದ್ದರು. ನನಗೆ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಗೋಡೆಗೆ ಒರಗಿ ತಲೆ ತಗ್ಗಿಸಿ ಕೂರುತ್ತಿದ್ದ ಆ ಸಪೂರ ಅತ್ತಿಗೆ ಬೇಕು ಎಂದು ಮನಸ್ಸು ಚಂಡಿ ಹಿಡಿಯುತ್ತಿತ್ತು. ಎದುರಿಗೇ ಇರುವವರನ್ನು ನೆನೆದು ಅಳು ಬರುವುದು ಎಂಥ ಕರ್ಮ ನೋಡಿ.

ಮದುವೆಯಾಗಿ ಬ್ರಹ್ಮಾವರಕ್ಕೆ ಬರುವಾಗ ಡಬ್ಬಿ ನನ್ನ ಜೊತೆ ಬಂತು. ಇಲ್ಲಿ ಅಕ್ಕಪಕ್ಕದ ಎಷ್ಟು ಮಕ್ಕಳ ಹನ್ನೊಂದನೇ ದಿನದ ನಾಮಕರಣಕ್ಕೆ ಗೆರಟೆ ಅಳತೆಯ ಟೊಪ್ಪಿ ಹೆಣೆದು ಕೊಟ್ಟೆನೋ ನೆನಪಿಲ್ಲ. ಹೆಣೆಯುತ್ತಾ ಹೆಣೆಯುತ್ತಾ ಕೈ ತಾನಾಗಿ ಸಡಿಲವಾಯಿತು. ನೂಲು ಎಲ್ಲಿಗೂ ಓಡಿ ಹೋಗುವುದಿಲ್ಲ ಎನ್ನುವುದು ಬೆರಳಿಗೆ ಗೊತ್ತಾಗಲು ಹತ್ತು ವರ್ಷ ಬೇಕಾಯಿತು. ಗಂಟು ಮಾತ್ರ ಒಂದೇ ಹಾಕುತ್ತಿದ್ದೆ. ಅದು ನನ್ನ ರೂಢಿ, ಅದನ್ನು ಯಾರಿಗಾಗಿಯೂ ಬಿಡಲಿಲ್ಲ.

ಶನಿವಾರದ ಹುಡುಗಿಯರು ಬರಲು ಶುರುವಾದ ವರ್ಷವೇ, ಬೇಸಿಗೆಯಲ್ಲಿ ಬ್ರಹ್ಮಾವರದಲ್ಲಿ ಒಂದು ಮದುವೆಗೆ ಅತ್ತಿಗೆ ಬರುವವರಿದ್ದರು. ಊಟ ಮುಗಿಸಿ ಮನೆಗೆ ಬತ್ತೆ ಎಂದು ಫೋನು ಮಾಡಿದರು. ಒಂದು ವಾರ ಇತ್ತು. ಡಬ್ಬಿಯಲ್ಲಿ ಉಳಿದಿದ್ದ ಅವರದೇ ನೂಲಿನಿಂದ ನಾನು ಹನ್ನೊಂದು ಹೂ ಹಾಕಿದೆ. ಹಳೆಯವು ಹಳದಿಗೆ ತಿರುಗಿದ್ದವು. ಎಲ್ಲವನ್ನೂ ಒಟ್ಟಿಗೆ ಅಂಟುವಾಳದ ನೊರೆಯಲ್ಲಿ ನೆನೆಸಿ, ತೊಳೆದು, ಅಂಗಳದಲ್ಲಿ ಬಿಳಿ ಪಂಚೆಯ ಮೇಲೆ ಹರಡಿ ಒಣಗಿಸಿದೆ. ಕಾಗೆ ಒಂದನ್ನು ಕಚ್ಚಿಕೊಂಡು ಹೋಗಲು ನೋಡಿತು, ಅದರ ಹಿಂದೆ ಪೇಟೆಗೆ ಕೇಳುವ ಹಾಗೆ ಕೂಗುತ್ತಾ ಓಡಿದೆ. ಒಣಗಿದ ಮೇಲೆ ಯಾವುದು ಹೊಸತು, ಯಾವುದು ಹಳೆಯದು ಎಂದು ಎದುರಿನಿಂದ ನೋಡಿದರೆ ನನಗೇ ಗೊತ್ತಾಗುತ್ತಿರಲಿಲ್ಲ.

ಅತ್ತಿಗೆ ಬಂದರು. ಮದುವೆಮನೆಯ ಸೀರೆ, ಮಲ್ಲಿಗೆ, ಬಾಯಿ ತುಂಬ ಎಲೆಅಡಿಕೆ. ನಾನು ಚಾ ಕೂಡ ಕೇಳದೆ ಡಬ್ಬಿ ತಂದು ಚಾಪೆಯ ಮೇಲೆ ಸುರಿದೆ. ಅಯ್ಯ, ಇದನ್ನೆಲ್ಲ ಇನ್ನೂ ಇಟ್ಟುಕೊಂಡಿದ್ದೀಯಾ ಎಂದು ಅವರು ಆಶ್ಚರ್ಯಪಟ್ಟರು. ರಾಶಿಯಲ್ಲಿ ಕೈ ಆಡಿಸಿದರು. ಇದರಲ್ಲಿ ಹನ್ನೊಂದು ನನ್ನದು ಅತ್ಗೆ, ಹೆಕ್ಕಿ ತೆಗೆಯಿರಿ ನೋಡುವ ಎಂದೆ. ಅವರು ಒಂದು ಎತ್ತಿದರು, ಇಟ್ಟರು, ಇನ್ನೊಂದು ಎತ್ತಿದರು. ಗೊತ್ತಾಗುವುದಿಲ್ಲ ಎಂದರು.

"ಹಂಗಾರೆ ಈಗಳ್ ಸೇರತ್ತ್ ಅಲ್ದಾ ಅತ್ಗೆ? ನನ್ ಕೈ ಬಿಗಿ, ಸೇರ್ತಿಲ್ಲೆ ಅಂದಿದ್ರಿ."

ಅವರಿಗೆ ನೆನಪಿರಲಿಲ್ಲ. ದಸರಾ ರಜೆ, ಅಟ್ಟದ ಏಣಿ, ಬಿಚ್ಚಿದ ಹನ್ನೊಂದು ಹೂ, ಎಲ್ಲವನ್ನೂ ಹೇಳಿದೆ. ನಾನು ಹೇಳುತ್ತಾ ಹೋದಂತೆ ಅವರ ಕೈ ರಾಶಿಯ ಮೇಲೆ ನಿಂತಿತು. ಎದ್ದು ಹೋಗಿ ಎಲೆಅಡಿಕೆ ಉಗಿದು, ಬಾಯಿ ಮುಕ್ಕಳಿಸಿ ಬಂದು ಕೂತರು.

"ಅದ್ ನಿನ್ ಕೈ ವಿಷ್ಯ ಅಲ್ದೇ ಮಾರಾಯ್ತಿ," ಎಂದರು. "ಒಂದ್ ಹೂ ಅಂದ್ರೆ ಒಂದ್ ದಿನ. ಅವ್ರ್ ಬಪ್ಪ ವರ್ಷ ಬತ್ತೆ ಅಂದೇಳಿ ಹೋಯಿದ್ರ್. ನಾನ್ ದಿನಾ ಕ್ಯಾಲೆಂಡರ್ ಕಂಡ್ರೆ ನಿಮ್ಮಮ್ಮ ಎಂತ ಹೇಳ್ತ್ರೋ ಅಂದೇಳಿ ಹೂ ಹಾಕಿ ಲೆಕ್ಕ ಇಟ್ಕಂಡಿದ್ದೆ."

ಅತ್ತಿಗೆಯ ದನಿ ಬಹಳ ಸಣ್ಣದಾಗಿತ್ತು.

"ಅವತ್ತ್ ಹನ್ನೊಂದ್ ಹೂ ಜಾಸ್ತಿ ಬಂತ್. ಹನ್ನೊಂದ್ ದಿನ ನಂಗ್ ಗೊತ್ತಿಲ್ದೇ ಕಳ್ದೋಯ್ತ್ ಅಂದೇಳಿ ಒಂದ್ ಗಳ್ಗಿ ಖುಷಿ ಆಯ್ತ್. ನೀನ್ ಮಾಡದ್ದ್ ಅಂದ್ಯಲೆ, ಆ ಹನ್ನೊಂದ್ ದಿನ ಮತ್ತೆ ಬಂದ್ ತಲಿ ಮೇಲೆ ಕೂಕಂಡಂಗ್ ಆಯ್ತ್. ನಿಮ್ ಮನಿಯಗೆ ನಂಗ್ ದಿನ ಹೋತಿರ್ಲಿಲ್ಲೆ."

ಹೊರಗೆ ಕೂತ ಮೂರು ದಿನದ ಬಾಕಿ ಹೂಗಳನ್ನು ನಾಲ್ಕನೇ ದಿನ ಒಟ್ಟಿಗೆ ಹಾಕುತ್ತಿದ್ದದ್ದು ಏಕೆ ಎಂದು ಆಗ ನನಗೆ ಅರ್ಥವಾಯಿತು. ಮುಂಬೈಗೆ ಹೋದ ಮೇಲೆ ಅವರು ಕಡ್ಡಿ ಮುಟ್ಟದೆ ಇದ್ದದ್ದು ಏಕೆ ಎನ್ನುವುದೂ. ನಮ್ಮ ಮನೆಯ ಒಂದೊಂದು ದಿನವನ್ನೂ ಅವರು ಮುಗಿಯಿತಲ್ಲ ಎಂದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ್ದರು. ಆ ದಿನಗಳಲ್ಲಿ ಒಂದಾದರೂ ವಾಪಸು ಸಿಗಲಿ ಎಂದು ನಾನು ಹದಿನಾಲ್ಕು ವರ್ಷ ಅದೇ ಡಬ್ಬಿಯನ್ನು ಕಾದುಕೊಂಡು ಕೂತಿದ್ದೆ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತವಳಿಗೆ ಇದು ತಿಳಿಯಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ತಿಳಿದ ಮೇಲೂ ಆ ದಿನಗಳು ಬೇಕು ಎನ್ನುವ ಆಸೆ ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಇದನ್ನು ಅವರಿಗೆ ಹೇಳಲಿಲ್ಲ.

ಚಾ ಮಾಡಿದೆ. ಕುಡಿದರು. ಕಡ್ಡಿ ಹಿಡಿದು ನೋಡಿ, ಕೈಗೆ ಮರೆತೇ ಹೋಗಿದೆ ಎಂದು ನಕ್ಕು ಕೆಳಗಿಟ್ಟರು. ಕುಂದಾಪುರದ ಬಸ್ಸಿಗೆ ಹೊರಡುವ ಹೊತ್ತಾಯಿತು. ನಾನು ಹೂಗಳನ್ನು ಡಬ್ಬಿಗೆ ತುಂಬುತ್ತಿದ್ದೆ. ಅವರು ಚಪ್ಪಲಿ ಮೆಟ್ಟಿದವರು ತಿರುಗಿ ಬಂದು ಬಗ್ಗಿ ರಾಶಿಯಿಂದ ಒಂದು ಹೂ ಎತ್ತಿಕೊಂಡರು.

"ನಂದ್ ಎಂತದೂ ಬ್ಯಾಡ," ಎಂದರು. "ನೀನ್ ಹಾಕಿದ್ದ್ ಒಂದ್ ತಕಂಡ್ ಹೋತೆ. ಇದ್ ನಿಂದೇ ಅಲ್ದಾ?"

ನಾನು ಅದನ್ನು ಅವರ ಅಂಗೈಯಲ್ಲೇ ತಿರುಗಿಸಿ ನೋಡಿದೆ. ಹಿಂದುಗಡೆ ಎರಡು ಗಂಟು ಇತ್ತು.

"ಹೌದ್ ಅತ್ಗೆ," ಎಂದೆ. "ನಂದೇ."

ಅವರು ಅದನ್ನು ಪರ್ಸಿನ ಒಳಗಿನ ಜೇಬಿನಲ್ಲಿಟ್ಟು ಜಿಪ್ಪು ಎಳೆದರು. ನಮ್ಮ ಮನೆಯಲ್ಲಿ ಅವರು ಕಳೆದ ದಿನಗಳಲ್ಲಿ ಒಂದು, ಹಾಗೆ ಅವರ ಜೊತೆ ಬಸ್ಸು ಹತ್ತಿ ಹೋಯಿತು.